ಘಾಟಿ ಬಂದ್ ಅಂತ ಗಾಡಿ ಹೊರಟ ಮೇಲೆ ಹೇಳಿದ್ರೆ ಹೆಂಗ್ರಿ? ದಾವಣಗೆರೆ, ಚಿತ್ರದುರ್ಗದ ಲಾರಿಯವರು, ಪ್ರಯಾಣಿಕರು ಮಾತಾಡ್ರಿ

ಪಿಬಿರಸ್ತೆ_ದಾವಣಗೆರೆ:

ಮುಂಗಾರು ಹಿಡಿದ ಕೂಡಲೇ ಕರಾವಳಿಗೆ ಲೋಡು ಹಾಕೋ ನಮ್ಮೂರ ಲಾರಿಯವರಿಗೆಲ್ಲ ಒಂದೇ ಪ್ರಶ್ನೆ: ಯಾವ ಘಾಟಿ ತೆರೆದೈತಿ? ಆಗುಂಬೆಯಲ್ಲಿ ದೊಡ್ಡ ಗಾಡಿ ಬಿಡಂಗಿಲ್ಲ. ಚಾರ್ಮಾಡಿ 2019ರ ಆಗಸ್ಟ್ ಮಳೆಗೆ ಕುಸಿದ ಮೇಲೆ ಭಾರಿ ವಾಹನಕ್ಕೆ ಮೊದಲಿನಂಗೆ ತೆರೀಲೇ ಇಲ್ಲ. ಶಿರಾಡಿ ಅಂತೂ 2018, 2021, 2024, ಮೂರೂ ಮಳೆಗಾಲದಲ್ಲಿ ಕುಸಿದು ಸಂಚಾರ ನಿಂತಿತ್ತು. ಉಳಿಯೋದು ಹುಲಿಕಲ್, ನಮ್ಮ ಡ್ರೈವರುಗಳು ಬಾಳೆಬರೆ ಅಂತಾರಲ್ಲ, ಅದು. ಎಲ್ಲರೂ ಅಲ್ಲಿಗೇ ನುಗ್ತಾರೆ.

ನಿಷೇಧಾನೇ ಬೇಡ ಅಂತ ನಾನು ಹೇಳ್ತಿಲ್ಲ. ಆಗುಂಬೆಯ 14 ತಿರುವಿನಲ್ಲಿ ಹನ್ನೆರಡು ಚಕ್ರದ ಗಾಡಿ ಇಳಿಸಬಾರದು ಅಂತ, ಗಾಡಿ ಇಟ್ಕೊಂಡು ಬದುಕೋ ನಾನೇ ಹೇಳ್ತೀನಿ. ನನ್ನ ತಕರಾರು ಬೇರೆ. ಆದೇಶ ಆಗೋದು ಉಡುಪಿಯಲ್ಲೋ ಚಿಕ್ಕಮಗಳೂರಲ್ಲೋ. ನಮಗೆ ಗೊತ್ತಾಗೋದು ಗಾಡಿ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ಎಲ್ಲಾ ದಾಟಿ ಆಗುಂಬೆ ಗೇಟಿನ ಮುಂದೆ ನಿಂತಾಗ. ಅಲ್ಲಿಂದ ವಾಪಸ್ ತೀರ್ಥಹಳ್ಳಿಗೆ ಬಂದು, ಯಡೂರು, ಮಾಸ್ತಿಕಟ್ಟೆ ಹಿಡಿದು ಬಾಳೆಬರೆ ಇಳೀಬೇಕು. ಅಷ್ಟೊತ್ತಿಗೆ ಮಧ್ಯರಾತ್ರಿ ಆಗಿರ್ತದೆ, ಮಳೆ ಸುರೀತಿರ್ತದೆ, ಡ್ರೈವರ್ ಬೆಳಗ್ಗೆಯಿಂದ ಸ್ಟೇರಿಂಗ್ ಹಿಡಿದಿರ್ತಾನೆ. ಜೀವ ಉಳಿಸೋಕೆ ಅಂತ ಮಾಡಿದ ಆದೇಶ ಅವನನ್ನ ಇನ್ನೂ ಕೆಟ್ಟ ಹೊತ್ತಿನಲ್ಲಿ ಇನ್ನೊಂದು ಘಾಟಿಗೆ ತಳ್ಳಿತು.

ಒಂದು ಘಾಟಿ ಮುಚ್ಚಿದ ದಿನ ಪಕ್ಕದ ಘಾಟಿಗೆ ಕ್ರೇನ್ ಬಂತಾ? ಪೊಲೀಸರು ಹೆಚ್ಚಾದ್ರಾ? ನಾನಂತೂ ಕಂಡಿಲ್ಲ. ನಿಷೇಧವನ್ನ ಘಾಟಿ ಬಾಗಿಲಲ್ಲಿ ಹೇಳಬೇಡ್ರಿ, ಶಿವಮೊಗ್ಗದಲ್ಲಿ, ದಾವಣಗೆರೆಯಲ್ಲಿ, ಚಿತ್ರದುರ್ಗದಲ್ಲಿ ಗಾಡಿ ಹೊರಡೋ ಮುಂಚೆ ಹೇಳ್ರಿ. ಇದನ್ನ ಬರೆದು ಜಿಲ್ಲಾಧಿಕಾರಿಗಳಿಗೆ ಕೊಡೋಣ ಅಂತ ಐತಿ. ಏನು ಸೇರಿಸಬೇಕು, ಏನು ಬಿಡಬೇಕು ಹೇಳ್ರಿ.

ಮಂಡಕ್ಕಿಭಟ್ಟಿ:

ನೂರಕ್ಕೆ ನೂರು ಸರಿ ಅಣ್ಣ. ಸುತ್ತು ಹಾಕಿದ ಡೀಸೆಲ್ ಯಾರು ಕೊಡ್ತಾರೆ ಅನ್ನೋದನ್ನೂ ಸೇರಿಸು. ಬುಕಿಂಗ್ ಆಫೀಸಿನಲ್ಲಿ ಬಾಡಿಗೆ ಮಾತಾಡೋದು ಹತ್ತಿರದ ದಾರಿ ಲೆಕ್ಕಕ್ಕೆ. ಗಾಡಿ ಸುತ್ತಿ ಹೋದ್ರೆ ಡ್ರೈವರ್ ಬತ್ತಾದಲ್ಲೇ ಮುರೀತಾರೆ.

ವರಾಹಿತೀರ:

ನನ್ನ ತವರು ಹೊಸಂಗಡಿ ಕಡೆ, ಮದುವೆಯಾಗಿ ಬಂದದ್ದು ದಾವಣಗೆರೆಗೆ. ಹಾಗಾಗಿ ಎರಡೂ ಕಡೆಯದ್ದು ಗೊತ್ತುಂಟು. ನೀವು ಲಾರಿಯವರ ಕಷ್ಟ ಹೇಳಿದಿರಿ, ಸರಿ. ಬಾಳೆಬರೆಯ ಬುಡದಲ್ಲಿ ಇರುವವರ ಕಷ್ಟವನ್ನೂ ಬರೀಬೇಕಲ್ಲ ಮಾರಾಯ್ರೆ. ಆಗುಂಬೆ ಮುಚ್ಚಿದ ದಿನ ನಮ್ಮ ಕಡೆ ಜನ ಹೊರಗೆ ಹೊರಡಲು ಹೆದರುತ್ತಾರೆ. ಒಂದು ಉದ್ದ ಗಾಡಿ ತಿರುವಿನಲ್ಲಿ ಹಿಂದೆ ಮುಂದೆ ಮಾಡುತ್ತಾ ಸಿಕ್ಕಿಬಿದ್ದರೆ ಮೇಲೂ ಕೆಳಗೂ ಮೈಲುಗಟ್ಟಲೆ ಸಾಲು. ಅದರ ನಡುವೆ ಆಂಬ್ಯುಲೆನ್ಸ್ ಕೂಗುತ್ತಾ ನಿಂತಿರುತ್ತದೆ. ಅದರೊಳಗೆ ಮಣಿಪಾಲಕ್ಕೆ ಹೊರಟವರು ಬಹಳ ಸಲ ನಿಮ್ಮ ದಾವಣಗೆರೆ, ಶಿವಮೊಗ್ಗ ಕಡೆಯವರೇ.

ಹುಲಿಕಲ್ ಅಂದರೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಆಗುಂಬೆಗೆ ವರ್ಷಕ್ಕೆ ಏಳೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಹುಲಿಕಲ್ಲಿನದ್ದೂ ಅದಕ್ಕೆ ಸರಿಸಮ. ಹಾಗಿರುವಾಗ ಆಗುಂಬೆಗೆ ಅಪಾಯ ಅಂತ ಮುಚ್ಚಿ, ಅಷ್ಟೇ ಮಳೆಯ ಹುಲಿಕಲ್ಲಿಗೆ ಎಲ್ಲವನ್ನೂ ಕಳಿಸುವುದು ಯಾವ ನ್ಯಾಯ? ನನ್ನ ಕೇಳಿದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ರಾತ್ರಿ ಹೊತ್ತು ಯಾವ ಘಾಟಿಯಲ್ಲೂ ಭಾರಿ ವಾಹನ ಬೇಡ.

ಹಳೇಚಾಲಕ_ಹರಿಹರ:

ತಮ್ಮಾ, ತಂಗಿ, ಇಬ್ಬರೂ ಬರೆದದ್ದು ಓದಿದೆ. ಬ್ರೇಕಿನ ಮಾತು ಯಾರೂ ಎತ್ತಲಿಲ್ಲ, ನಾನು ಎತ್ತತೀನಿ. ಇಲ್ಲಿಂದ ಮೆಕ್ಕೆಜೋಳ, ಅಕ್ಕಿ ಹೊತ್ಕೊಂಡು ಇಳಿಯೋದು, ಪಣಂಬೂರಿನಿಂದ ಗೊಬ್ಬರ ಹೊತ್ಕೊಂಡು ಏರೋದು, ನನ್ನ ಆಯುಷ್ಯ ಕಳೆದದ್ದು ಇದ್ರಾಗೇ.

ಘಾಟಿಯಲ್ಲಿ ಬ್ರೇಕ್ ಫೇಲ್ ಅಂತ ಪೇಪರಿನಲ್ಲಿ ಬರ್ತದಲ್ಲ, ಬಹಳಷ್ಟು ಸಲ ಅದು ಫೇಲ್ ಆಗಿರಲ್ಲ, ಕಾದಿರ್ತದೆ. ಲಾರಿಗೆ ಇರೋದು ಡ್ರಮ್ ಬ್ರೇಕು. ಪೆಡಲ್ ತುಳಿದ್ರೆ ಟ್ಯಾಂಕಿನ ಗಾಳಿ ಒತ್ತಿ ಡ್ರಮ್ಮಿನೊಳಗಿನ ಶೂ ಅಗಲ ಆಗ್ತದೆ, ಅದಕ್ಕೆ ಹಚ್ಚಿದ ಲೈನರು ಡ್ರಮ್ಮಿಗೆ ಉಜ್ಜತದೆ. ಸಪಾಟು ರಸ್ತೆಯಲ್ಲಿ ಒಂದು ಸಲ ಹಿಡಿದ್ರೆ ಆಮೇಲೆ ಆರೋಕೆ ಪುರುಸೊತ್ತು ಸಿಗ್ತದೆ. ಇಳಿಜಾರಿನಲ್ಲಿ ಇಟ್ಟ ಕಾಲು ತೆಗಿಯಂಗಿಲ್ಲ. ಡ್ರಮ್ಮು ಕಾದು ಹಿಗ್ಗತದೆ, ಶೂ ಅದನ್ನ ಮುಟ್ಟೋಕೆ ಇನ್ನೂ ದೂರ ಹೋಗಬೇಕು. ಲೈನರು ಕಾದು ಹಿಡಿತ ಬಿಡ್ತದೆ. ಮೊದಲು ಸುಟ್ಟ ವಾಸನೆ, ಆಮೇಲೆ ಹಿಂದಿನ ಗಾಲಿಯಿಂದ ಹೊಗೆ. ಡ್ರೈವರ್ ಹೆದರಿ ಮೇಲಿಂದ ಮೇಲೆ ಪೆಡಲ್ ಒದೀತಾನೆ, ಟ್ಯಾಂಕಿನ ಗಾಳಿ ಇಳೀತದೆ. ಈಗಿನ ಗಾಡಿಯಲ್ಲಿ ಗಾಳಿ ಪೂರ್ತಿ ಇಳಿದ್ರೆ ಸ್ಪ್ರಿಂಗ್ ಬ್ರೇಕು ತಾನಾಗೇ ಹಿಡೀತದೆ ಅಂತಾರೆ. ಹಿಡೀತದೆ, ಆದ್ರೆ ಕಾದ ಡ್ರಮ್ಮಿನ ಮೇಲೆ ಅದಕ್ಕೂ ಬಲ ಇಲ್ಲ. ಬಲ ಇದ್ರೆ ಒದ್ದೆ ರಸ್ತೆಯಲ್ಲಿ ಹಿಂದಿನ ಗಾಲಿ ಲಾಕಾಗಿ ಗಾಡಿ ಅಡ್ಡ ತಿರುಗ್ತದೆ.

ಅದಕ್ಕೆ ನಮ್ಮ ಗುರುಗಳು ಕಲಿಸಿದ್ದು ಒಂದೇ, ಏರಿದ ಗೇರಿನಲ್ಲೇ ಇಳೀಬೇಕು. ಆ ಗೇರು ಇಳಿಜಾರು ಶುರು ಆಗೋ ಮುಂಚೆ ಬೀಳಬೇಕು, ನಡುವೆ ಅಲ್ಲ. ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸೋ ಎಕ್ಸಾಸ್ಟ್ ಬ್ರೇಕ್ ಹಾಕ್ಕೊಂಡು ಎಂಜಿನ್ನಿನ ಮೇಲೆ ಗಾಡಿ ನಿಲ್ಲಿಸ್ಕೋಬೇಕು, ಕಾಲು ಬ್ರೇಕು ತಿರುವಿಗೆ ಮಾತ್ರ. ಈಗಿನ ಹುಡುಗರು ಡೀಸೆಲ್ ಉಳೀತದೆ ಅಂತ ನ್ಯೂಟ್ರಲ್ ಮಾಡ್ತಾರೆ. ಕೆಲವರು ಕೀನೇ ತಿರುವಿ ಎಂಜಿನ್ ಆಫ್ ಮಾಡ್ತಾರೆ. ಎಂಜಿನ್ ನಿಂತ್ರೆ ಕಂಪ್ರೆಸರ್ ನಿಂತಂಗೆ, ಗಾಳಿ ತುಂಬಲ್ಲ. ಪವರ್ ಸ್ಟೇರಿಂಗ್ ಕಲ್ಲಾಗ್ತದೆ. ವೇಗ ಏರಿದ ಮೇಲೆ ಗೇರು ಹಾಕ್ತೀನಿ ಅಂದ್ರೆ ಕರಕರ ಅಂತದೆ, ಕೂರಲ್ಲ. ಅಲ್ಲಿಗೆ ಮುಗೀತು.

ಹುಲಿಕಲ್ಲಿನ ಚಂಡಿಕಾಂಬೆ ಗುಡಿ ಮುಂದೆ ಎಲ್ಲಾ ಗಾಡಿಯವರೂ ನಿಲ್ಲಿಸಿ ಕೈ ಮುಗೀತೀವಿ. ಕಾಯಿ ಒಡೆಯೋಷ್ಟು ಹೊತ್ತು ಐತಲ್ಲ, ಹಂಗೇ ಇಳಿದು ಒಂದೊಂದೇ ಗಾಲಿ ಹತ್ರ ಅಂಗೈ ಒಡ್ಡಿ ನೋಡ್ರಪ್ಪ. ಒಂದು ಗಾಲಿ ಮಾತ್ರ ಬೆಂಕಿಯಂಗೆ ಕಾದಿದ್ರೆ ಅಲ್ಲಿ ಬ್ರೇಕು ಕಚ್ಕೊಂಡೈತಿ. ಒಂದು ಮಾತ್ರ ತಣ್ಣಗಿದ್ರೆ ಅಲ್ಲಿ ಬ್ರೇಕೇ ಹಿಡೀತಿಲ್ಲ. ಕಾದ ಡ್ರಮ್ಮಿಗೆ ನೀರು ಮಾತ್ರ ಎರಚಬೇಡ್ರಿ, ಬಿರುಕು ಬಿಡ್ತದೆ. ಸರ್ಕಾರ ಇಂಥ ಜಾಗದಲ್ಲಿ ಹದಿನೈದು ನಿಮಿಷ ಕಡ್ಡಾಯ ನಿಲುಗಡೆ ಮಾಡಿದ್ರೆ ಅರ್ಧ ಅಪಘಾತ ತಪ್ಪತಾವೆ ಅಂತ ನನ್ನ ಅನುಭವ ಹೇಳ್ತದೆ.

ಹೊನ್ನಾಳಿಹುಡುಗ:

ಅಜ್ಜಾರೆ, ನ್ಯೂಟ್ರಲ್‌ನಲ್ಲಿ ನಿಜವಾಗ್ಲೂ ಡೀಸೆಲ್ ಉಳಿಯಲ್ವಾ? ನಮ್ಮ ಮಾಲೀಕರು ಮೈಲೇಜ್ ಬರಲಿಲ್ಲ ಅಂದ್ರೆ ಸಂಬಳದಾಗೆ ಹಿಡೀತಾರೆ. ಅದಕ್ಕೇ ಎಲ್ಲರೂ ಹಂಗೆ ಮಾಡೋದು.

ಹಳೇಚಾಲಕ_ಹರಿಹರ:

ಉಳಿಯಲ್ಲ ಮಗಾ. ಗೇರಿನಲ್ಲಿ ಇಳಿಯುವಾಗ ಆಕ್ಸಿಲೇಟರ್ ಬಿಟ್ರೆ ಗಾಲೀನೇ ಎಂಜಿನ್ ತಿರುಗಿಸ್ತದೆ, ಈಗಿನ ಎಂಜಿನ್ನು ಆಗ ಡೀಸೆಲ್ ಪೂರ್ತಿ ಕಡೀತದೆ. ನ್ಯೂಟ್ರಲ್ ಹಾಕಿದ್ರೆ ಎಂಜಿನ್ ಉರಿಯೋಕೆ ಐಡ್ಲಿಂಗಿನಲ್ಲಿ ಡೀಸೆಲ್ ಬೇಕೇ ಬೇಕು. ನಿಮ್ಮ ಮಾಲೀಕರಿಗೆ ಇದನ್ನ ತೋರಿಸು. ಘಾಟಿ ಮೇಲೆ ಮೈಲೇಜ್ ಲೆಕ್ಕ ಹಿಡಿಯೋದು ಡ್ರೈವರಿನ ಕುತ್ತಿಗೆ ಹಿಡಿದಂಗೆ.

ರಸ್ತೆಕೆಲಸ_ನಿವೃತ್ತ:

ನಾನು ಲೋಕೋಪಯೋಗಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಈಗ ಚಿತ್ರದುರ್ಗದಲ್ಲಿದ್ದೇನೆ. ಹಿರಿಯರು ಬ್ರೇಕಿನ ಬಗ್ಗೆ ಬರೆದದ್ದನ್ನು ಓದಿ ಸಂತೋಷವಾಯಿತು. ರಸ್ತೆಯ ಕಡೆಯಿಂದ ನಾನೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಭಾರಿ ವಾಹನ ಬಿಡಬಾರದು ಎನ್ನುವುದಕ್ಕೆ ಎಲ್ಲ ಘಾಟಿಯಲ್ಲೂ ಒಂದೇ ಕಾರಣವಿಲ್ಲ. ಕಾರಣ ಒಂದೇ ಎಂದುಕೊಂಡು ಆದೇಶ ಮಾಡುವುದರಿಂದಲೇ ಗೊಂದಲ.

ಘಾಟಿ ರಸ್ತೆಯ ಒಳಭಾಗ ಗುಡ್ಡ ಕಡಿದು ಮಾಡಿದ್ದು. ಹೊರಭಾಗ ಬಹಳ ಕಡೆ ಮಣ್ಣು ತುಂಬಿ, ಕಣಿವೆ ಕಡೆಗೆ ತಡೆಗೋಡೆ ಕಟ್ಟಿ ಮಾಡಿದ್ದು. ಕಡಿದ ಭಾಗದಲ್ಲಿ ಗುಡ್ಡ ಮೇಲಿನಿಂದ ರಸ್ತೆಗೆ ಬೀಳುತ್ತದೆ. ತುಂಬಿದ ಭಾಗದಲ್ಲಿ ರಸ್ತೆಯೇ ಕೆಳಕ್ಕೆ ಜಾರುತ್ತದೆ. ಲಾರಿ ನಿಷೇಧದಿಂದ ಲಾಭವಾಗುವುದು ಎರಡನೆಯದಕ್ಕೆ. ನೀರು ಕುಡಿದ ಅಂಚಿನ ಮೇಲೆ ಭಾರದ ಆಕ್ಸಲ್, ಅಂದರೆ ಗಾಲಿಗಳ ಅಚ್ಚು, ಹಾದುಹೋದರೆ ತಡೆಗೋಡೆಯ ಮೇಲೆ ಒತ್ತಡ ಬೀಳುತ್ತದೆ, ನೀರು ಹೊರಹೋಗಲು ಗೋಡೆಯಲ್ಲಿ ಬಿಟ್ಟ ತೂತುಗಳು ಮುಚ್ಚಿಹೋಗಿದ್ದರೆ ಕೇಳುವುದೇ ಬೇಡ. ಮೇಲಿನ ಗುಡ್ಡ ಬೀಳುವುದಕ್ಕೂ ಕೆಳಗೆ ಓಡುವ ಲಾರಿಗೂ ಹೆಚ್ಚಿನ ಸಂಬಂಧವಿಲ್ಲ. ನಮ್ಮ ಪಶ್ಚಿಮ ಘಟ್ಟದ ಕೆಂಪು ಮಣ್ಣು ವಾರಗಟ್ಟಲೆ ಮಳೆ ಕುಡಿದರೆ ನೆನೆದ ಬೆಲ್ಲದ ಅಚ್ಚಿನಂತೆ ಕಡಿದ ಮುಖದಿಂದ ಕಳಚಿ ಬೀಳುತ್ತದೆ. ಅದನ್ನು ಇಳಿಜಾರಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ತಲೆಯ ಮೇಲೆ ನೀರು ಬೇರೆ ಕಡೆಗೆ ತಿರುಗಿಸುವ ಕಾಲುವೆ ತೋಡಬೇಕು. ಸಕಲೇಶಪುರದ ಆಚೆ ದೋಣಿಗಲ್, ದೊಡ್ಡತಪ್ಲು ಕಡೆ ಅಗಲೀಕರಣಕ್ಕೆ ಗುಡ್ಡವನ್ನು ನೆಟ್ಟಗೆ ಕೊರೆದದ್ದೇ ಕುಸಿತಕ್ಕೆ ಕಾರಣ ಎಂಬ ಆರೋಪ 2024ರಲ್ಲಿ ಜೋರಾಗಿ ಕೇಳಿಬಂದದ್ದು ನಿಮಗೆ ನೆನಪಿರಬಹುದು. ಅಲ್ಲಿ ಲಾರಿ ನಿಲ್ಲಿಸಿದರೆ ಬೀಳುವ ಮಣ್ಣಿನ ಕೆಳಗೆ ಸಿಕ್ಕುವವರ ಸಂಖ್ಯೆ ಕಡಿಮೆಯಾಗುತ್ತದೆ, ಗುಡ್ಡ ನಿಲ್ಲುವುದಿಲ್ಲ.

ಆಗುಂಬೆಯದ್ದು ಮೂರನೆಯ ಥರ. ಅಲ್ಲಿ ತೂಕಕ್ಕಿಂತ ಉದ್ದ ಮುಖ್ಯ. ತಿರುವುಗಳು ಅಷ್ಟು ಕಿರಿದು. ಉದ್ದ ವಾಹನದ ಹಿಂದಿನ ಗಾಲಿಗಳು ಮುಂದಿನ ಗಾಲಿಯ ಜಾಡು ಬಿಟ್ಟು ಒಳಕ್ಕೆ ಬರುತ್ತವೆ, ಒಂದೇ ಸಲಕ್ಕೆ ತಿರುಗುವುದಿಲ್ಲ. ಖಾಲಿ ಗಾಡಿಯಾದರೂ ಅದೇ ಕಥೆ. ಅದಕ್ಕೇ ಶಿವಮೊಗ್ಗ, ಉಡುಪಿ ನಡುವೆ ಅಲ್ಲಿ ಮಿನಿ ಬಸ್ಸುಗಳು ಓಡುತ್ತವೆ. ಹಾಗಾಗಿ ಆಗುಂಬೆಯ ಆದೇಶ ಉದ್ದದ ಲೆಕ್ಕದಲ್ಲಿರಬೇಕು, ಚಾರ್ಮಾಡಿಯದ್ದು ಆಕ್ಸಲ್ ತೂಕದ ಲೆಕ್ಕದಲ್ಲಿ, ಶಿರಾಡಿಯದ್ದು ಮಳೆಯ ಪ್ರಮಾಣದ ಲೆಕ್ಕದಲ್ಲಿ. "ಭಾರಿ ವಾಹನ" ಎಂದಷ್ಟೇ ಬರೆದರೆ ಆರು ಚಕ್ರದ ಗಾಡಿಯವನಿಗೆ ತಾನು ಅದರಲ್ಲಿ ಬರುತ್ತೇನೋ ಇಲ್ಲವೋ ತಿಳಿಯುವುದಿಲ್ಲ.

ಕೋಟೆನಾಡು:

ಸಾರ್, ತೂಕದ ಮಾತು ಬಂತಲ್ಲ, ಅದನ್ನ ಬಿಡಬ್ಯಾಡಿ. ಲಾರಿ ಮಾಲೀಕರು ಇಲ್ಲಿ ಬೋರ್ಡು ಇಲ್ಲ, ಪ್ರಚಾರ ಇಲ್ಲ ಅಂತವ್ರೆ. ಓವರ್‌ಲೋಡ್ ಬಗ್ಗೆ ಒಬ್ಬರೂ ಬಾಯಿ ಬಿಡ್ತಾ ಇಲ್ಲ. ಅದಿರು ಲಾರಿಗಳ ಕಾಲ ನಾವು ದುರ್ಗದವರು ಕಣ್ಣಾರೆ ಕಂಡಿದೀವಿ. ಬಳ್ಳಾರಿ, ಹೊಸಪೇಟೆ ಕಡೆಯಿಂದ, ನಮ್ಮ ಜಿಲ್ಲೆಯಿಂದ ಹಗಲೂ ರಾತ್ರಿ ಮಂಗಳೂರು ಬಂದರಿಗೆ ಸಾಲು. ರಸ್ತೆ ಪಕ್ಕದ ಹೊಲದಾಗಿನ ಬೆಳೆಯೆಲ್ಲ ಕೆಂಪು. ಶಿರಾಡಿ ರಸ್ತೆ ಗದ್ದೆ ಥರ ಆಗಿದ್ದು ಮಳೆಯಿಂದ ಮಾತ್ರ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. 2010ರ ಜುಲೈನಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸ್ತು, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ, ಆಮೇಲೆ ಚಿತ್ರದುರ್ಗ, ತುಮಕೂರಿನ ಗಣಿ ನಿಲ್ಲಿಸ್ತು. ಆಮೇಲೆ 2015ರಲ್ಲಿ, 2018ರಲ್ಲಿ ತಿಂಗಳುಗಟ್ಟಲೆ ಘಾಟಿ ಮುಚ್ಚಿ ಕಾಂಕ್ರೀಟ್ ಹಾಕಬೇಕಾಯ್ತು. 2022ರಲ್ಲಿ ರಫ್ತಿಗೆ ಕೋರ್ಟು ಮತ್ತೆ ಅವಕಾಶ ಕೊಟ್ಟೈತೆ. ಹಳೇ ದಿನ ವಾಪಸ್ ಬರಬಾರದು ಅಂದ್ರೆ ಮೊದಲು ತೂಕ ಹಿಡೀರಿ.

ರೈಲು ಐತಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ. 2006ರಿಂದ ಗೂಡ್ಸ್ ಓಡ್ತಾ ಐತೆ. ಗೊಬ್ಬರ, ಅದಿರು, ಮೆಕ್ಕೆಜೋಳ ಇಂಥವು ಸಾಧ್ಯವಾದಷ್ಟೂ ಅದರಾಗೆ ಹೋಗಲಿ.

ಪಿಬಿರಸ್ತೆ_ದಾವಣಗೆರೆ:

ಕೋಟೆನಾಡು ಅಣ್ಣ, ಓವರ್‌ಲೋಡ್ ಮಾತು ನಾನು ಮುಚ್ಚಿಡ್ತಿಲ್ಲ. ಹಂಗಾದ್ರೆ ಎಲ್ಲಿ ಹಿಡೀಬೇಕು ಅಂತಾನೂ ಹೇಳು. ಲೋಡು ಆಗೋದು ಗೋಡೌನಿನಲ್ಲಿ, ಕ್ರಷರಿನಲ್ಲಿ, ಗಣಿಯಲ್ಲಿ. ತೂಕ ಮಾಡಿ ಚೀಟಿ ಕೊಡೋದೂ ಅಲ್ಲೇ. ಸಣ್ಣ ಮಾಲೀಕ "ಇಷ್ಟೇ ಹಾಕ್ರಿ" ಅಂದ್ರೆ ಆ ಲೋಡು ಹಿಂದಿನ ಗಾಡಿಗೆ ಹೋಗ್ತದೆ. ರಿಟರ್ನ್ ಲೋಡು ಸಿಗಲ್ಲ, ಕಂತು ಕಟ್ಟೋಕೆ ಆಗಲ್ಲ. ಹೇರಿದವನನ್ನ ಬಿಟ್ಟು ಹೊತ್ತವನನ್ನ ಘಾಟಿ ಬುಡದಲ್ಲಿ ಹಿಡಿದ್ರೆ ಏನು ಬಂತು? ಅಲ್ಲಿ ಇಳಿಸೋಕೆ ಹಮಾಲರೂ ಇಲ್ಲ, ಜಾಗಾನೂ ಇಲ್ಲ.

ರಸ್ತೆಕೆಲಸ_ನಿವೃತ್ತ:

ತೂಕದ ಲೆಕ್ಕ ಜನ ತಿಳಿದಿರುವುದಕ್ಕಿಂತ ಕಠಿಣ. ಆಕ್ಸಲ್ ಮೇಲೆ ಭಾರ ಏರಿದಷ್ಟೇ ರಸ್ತೆ ಹಾಳಾಗುವುದಿಲ್ಲ, ಹೆಚ್ಚುಕಡಿಮೆ ಅದರ ನಾಲ್ಕನೇ ಘಾತದಲ್ಲಿ ಹಾಳಾಗುತ್ತದೆ. ಐದರಲ್ಲಿ ಒಂದು ಪಾಲು ಹೆಚ್ಚು ಹೇರಿದರೆ ರಸ್ತೆಗೆ ಬೀಳುವ ಪೆಟ್ಟು ಎರಡರಷ್ಟು. 2018ರಲ್ಲಿ ಕೇಂದ್ರ ಸರ್ಕಾರವೇ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು, ಹತ್ತು ಚಕ್ರದ ಲಾರಿಯ ಒಟ್ಟು ತೂಕ 25ರಿಂದ 28.5 ಟನ್ನಿಗೆ ಹೋಯಿತು. ಆ ಆಕ್ಸಲ್ಲಿನ ಪೆಟ್ಟು ಲೆಕ್ಕದ ಪ್ರಕಾರ ಒಂದೂವರೆ ಪಟ್ಟು ಮೀರುತ್ತದೆ. ಘಾಟಿಯ ತಡೆಗೋಡೆಗಳು ಮಾತ್ರ ಹಳೆಯವೇ. ಕಾನೂನುಬದ್ಧ ಲೋಡಿಗೇ ಈ ಗತಿ.

ವಕೀಲೆ_ಚಿತ್ರದುರ್ಗ:

ಪಿಬಿರಸ್ತೆಯವರೇ, ನೀವು ಮನವಿಯಲ್ಲಿ ಕೇಳುತ್ತಿರುವುದು ದಯೆಯಲ್ಲ, ಕಾನೂನಿನಲ್ಲೇ ಇದೆ. ಜಿಲ್ಲಾಧಿಕಾರಿಗಳು ಘಾಟಿ ಮುಚ್ಚುವುದು 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನ ಅಧಿಕಾರದಲ್ಲಿ. ಅದೇ ಕಲಮು, ನಿರ್ಬಂಧ ಹಾಕಿದ ಮೇಲೆ 116ನೇ ಕಲಮಿನ ಪ್ರಕಾರ ಸೂಕ್ತ ಸ್ಥಳಗಳಲ್ಲಿ ಸಂಚಾರ ಫಲಕ ಹಾಕಿಸಬೇಕು ಎನ್ನುತ್ತದೆ. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಪ್ರಕಟಣೆ ಬೇಕಿಲ್ಲ, ಆದರೆ ಸಂದರ್ಭಕ್ಕೆ ತಕ್ಕ ಸ್ಥಳೀಯ ಪ್ರಚಾರ ಕೊಡಲೇಬೇಕು. ಗಾಡಿ ತಿರುಗಿಸಲೂ ಜಾಗವಿಲ್ಲದ ಘಾಟಿ ಬಾಗಿಲು "ಸೂಕ್ತ ಸ್ಥಳ" ಹೇಗಾಗುತ್ತದೆ? ಬೇರೆ ದಾರಿ ಹಿಡಿಯಲು ಅವಕಾಶವಿರುವ ಕಡೆ ಫಲಕವಿರಬೇಕು. ಉಡುಪಿಯ ಆದೇಶದ ಪ್ರತಿ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ, ಹಾವೇರಿ ಜಿಲ್ಲಾಡಳಿತಕ್ಕೂ, ಸಾರಿಗೆ ಕಚೇರಿಗಳಿಗೂ ಅದೇ ದಿನ ಹೋಗಲಿ ಎಂದು ಕೇಳಿ.

ಓವರ್‌ಲೋಡ್ ಬಗ್ಗೆ: 194ನೇ ಕಲಮಿನ ದಂಡ 2019ರ ತಿದ್ದುಪಡಿಯ ನಂತರ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಇಳಿಸುವ ಖರ್ಚು ಬೇರೆ, ಇಳಿಸದೆ ಗಾಡಿ ಬಿಡುವಂತಿಲ್ಲ. 113ನೇ ಕಲಮಿನಲ್ಲಿ ಇನ್ನೊಂದಿದೆ: ಚಾಲಕ ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ಗೊತ್ತಿದ್ದೇ ಅಥವಾ ಅವನ ಆಜ್ಞೆಯ ಮೇಲೇ ಹೀಗಾಯಿತು ಎಂದು ನ್ಯಾಯಾಲಯ ಭಾವಿಸಬಹುದು. ಡ್ರೈವರ್‌ಗಳು ಇದನ್ನು ತಿಳಿದಿರಬೇಕು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರದ್ದು, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಹೇಳುತ್ತಿತ್ತು; 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಬೆಳಗ್ಗೆ ದಾವಣಗೆರೆ ಬಿಟ್ಟ ಚಾಲಕ ಮಧ್ಯರಾತ್ರಿ ಘಾಟಿ ಇಳಿಯುತ್ತಿದ್ದಾನೆ ಎಂದರೆ ಅವನ ಹೊತ್ತು ಯಾವಾಗಲೋ ಮುಗಿದಿದೆ.

ಜಗಳೂರು_ಈರುಳ್ಳಿ:

ದೊಡ್ಡ ಗಾಡಿ ಮಾತಾಯ್ತು. ಸಣ್ಣ ಗಾಡಿಯಲ್ಲಿ ಲೋಡಿನ ಮೇಲೆ ಜನ ಕೂತು ಹೋಗೋದನ್ನ ಯಾರು ಕೇಳ್ತಾರೆ? 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ತಗೊಂಡು ಹೊರಟಿದ್ದ ಲಾರಿ ಯಲ್ಲಾಪುರದ ಗುಳ್ಳಾಪುರ ಹತ್ತಿರ ಕಂದಕಕ್ಕೆ ಉರುಳಿ 10 ಜನ ಹೋದ್ರು. ಬೆಳಗಿನ ಜಾವ. ಎದುರು ಗಾಡಿಗೆ ದಾರಿ ಬಿಡೋಕೆ ಅಂಚಿಗೆ ಸರಿದದ್ದು ಅಂತ ಸುದ್ದಿ ಬಂತು. ನಮ್ಮ ಪಕ್ಕದ ಜಿಲ್ಲೆ ಮಂದಿ ರೀ ಅವರು, ಸಂತೆ ವ್ಯಾಪಾರ ಮಾಡ್ಕೊಂಡು ತಿನ್ನೋರು. ನಾವೂ ಹಂಗೇ ಈರುಳ್ಳಿ ಚೀಲದ ಮೇಲೆ ಕಂಬಳಿ ಹೊದ್ಕೊಂಡು ಕೂತು ಸಂತೆಗೆ ಹೋಗ್ತೀವಿ, ಯಾಕಂದ್ರೆ ಆ ಹೊತ್ತಿಗೆ ಬಸ್ಸಿಲ್ಲ, ಮಾಲು ಬಿಟ್ಟು ಬರಂಗಿಲ್ಲ. ಘಾಟಿಯಲ್ಲಿ ಲಾರಿ ನಿಲ್ಲಿಸಿ ಮೇಲೆ ಯಾರಿದ್ದಾರೆ ಅಂತ ಟಾರ್ಚ್ ಬಿಟ್ಟು ನೋಡಿದ್ದು ನಾನು ಕಂಡಿಲ್ಲ. ಮೇಲೆ ಕೂತೋರನ್ನ ಇಳಿಸಿದ್ರೆ ಅವರಿಗೆ ಬೆಳಗಿನ ಜಾವ ಒಂದು ಬಸ್ಸು ಬಿಡಬೇಕು, ಎರಡೂ ಒಟ್ಟಿಗೆ ಆಗಬೇಕು. ಮನವಿಯಲ್ಲಿ ಇದು ಇರಲೇಬೇಕು.

ಮಂಡಕ್ಕಿಭಟ್ಟಿ:

ಓದಿ ಮನಸ್ಸು ತಡೀಲಿಲ್ಲ ಅಣ್ಣ. ಸೇರಿಸೋಣ.

ಡಯಾಲಿಸಿಸ್_ಮಗಳು:

ಅಪ್ಪನನ್ನ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬರೋಳು ನಾನು. ಲಾರಿ ನಿಲ್ಲಿಸೋದು ಒಳ್ಳೆಯದು ಅಂತ ಇಷ್ಟು ದಿನ ಅಂದುಕೊಂಡಿದ್ದೆ, ಈಗಲೂ ಆಗುಂಬೆಯಲ್ಲಿ ಬೇಡವೇ ಬೇಡ. ಮಂಜು ಬಿದ್ದಾಗ ಅಲ್ಲಿ ನಮ್ಮ ಕಾರಿನ ಮೂಗೇ ಕಾಣಲ್ಲ. ಆದ್ರೆ ಕಾರಿನವರದ್ದೂ ಒಂದು ಮಾತು ಹೇಳಬೇಕು. ಏರೋ ಗಾಡಿಗೆ ಇಳಿಯೋರು ದಾರಿ ಬಿಡಬೇಕು ಅನ್ನೋ ನಿಯಮ ನಮ್ಮ ಕಾರಿನವರಲ್ಲಿ ಎಷ್ಟು ಜನ ಪಾಲಿಸ್ತಾರೆ? ತಿರುವಿನಲ್ಲಿ ಬಸ್ಸು ಏರುತ್ತಾ ಇದ್ರೆ ಸಂದಿಯಲ್ಲಿ ಮೂತಿ ತೂರಿಸಿ ನಿಲ್ತಾರೆ. ಏರುತ್ತಿದ್ದ ಭಾರದ ಗಾಡಿ ನಿಂತರೆ ಮತ್ತೆ ಎತ್ತೋದು ಎಷ್ಟು ಕಷ್ಟ ಅಂತ ಅವರಿಗೆ ಗೊತ್ತಿಲ್ಲ. ವಾರದ ಕೊನೆಯಲ್ಲಿ ಜಲಪಾತ ನೋಡೋಕೆ ಅಂತ ಚಾರ್ಮಾಡಿ ತಿರುವಿನಲ್ಲೇ ಕಾರು ನಿಲ್ಲಿಸಿ ಫೋಟೋ ತೆಗೀತಾರೆ. ನಿರ್ಬಂಧ ಲಾರಿಗೆ ಮಾತ್ರ ಯಾಕೆ?

ರಾತ್ರಿಗಾಡಿ:

ನಾನು ಈಗ ತೀರ್ಥಹಳ್ಳಿ ದಾಟಿ ರಸ್ತೆ ಪಕ್ಕ ಗಾಡಿ ಹಾಕ್ಕೊಂಡು ಇದನ್ನ ಓದ್ತಾ ಇದ್ದೀನಿ. ಎಲ್ಲಾರೂ ಒಳ್ಳೇದೇ ಬರೆದೀರಿ. ನಮ್ಮ ಕಡೆಯಿಂದ ಒಂದು. ರಾತ್ರಿ ನಿಷೇಧ ಮಾಡ್ರಿ, ನಾವು ಬೇಡ ಅನ್ನಲ್ಲ, ನಮಗೂ ಹೆಂಡ್ತಿ ಮಕ್ಕಳು ಅದಾರೆ. ಆದ್ರೆ ನಿಲ್ಲೋದು ಎಲ್ಲಿ? ಇಲ್ಲಿ ರಸ್ತೆ ಅಂಚು ಕೆಸರು, ಎಡಗಾಲಿ ಇಳಿದ್ರೆ ಗಾಡಿ ವಾಲ್ತದೆ. ಅದಕ್ಕೇ ಅರ್ಧ ಗಾಡಿ ಡಾಂಬರಿನ ಮೇಲೇ ನಿಲ್ಲಿಸಿರ್ತೀವಿ, ಹಿಂದಿನಿಂದ ಬೈಕಿನವರು ಬಂದು ಹೊಡೀತಾರೆ. ಕಕ್ಕಸು ಇಲ್ಲ, ನೀರಿಲ್ಲ. ಊರ ಹತ್ರ ನಿಲ್ಲಿಸಿದ್ರೆ ಊರೋರು ಎಬ್ಬಿಸ್ತಾರೆ, ಕಾಡಿನ ಹತ್ರ ನಿಲ್ಲಿಸಿದ್ರೆ ಕಾವಲಿನೋರು ಎಬ್ಬಿಸ್ತಾರೆ. ನಿದ್ದೆ ಮಾಡಿದ್ರೆ ತಾಡಪಾಲು ಹಗ್ಗ ಕೊಯ್ದು ಚೀಲ ಇಳಿಸ್ಕೊಂಡು ಹೋಗ್ತಾರೆ, ಡೀಸೆಲ್ ಕದೀತಾರೆ. ಮೊದಲೆಲ್ಲ ಕ್ಲೀನರ್ ಇರ್ತಿದ್ದ, ಒಬ್ಬರು ಮಲಗಿದ್ರೆ ಒಬ್ಬರು ಎಚ್ಚರ. ಈಗ ಖರ್ಚು ಅಂತ ಕ್ಲೀನರನ್ನ ತೆಗೆದು ಹಾಕ್ಯಾರೆ. ತಿರುವಿನಲ್ಲಿ ಇಳಿದು ಎಡಗಡೆ ನೋಡಿ ಹೇಳೋನು ಇಲ್ಲ. ಗಾಡಿ ಕೆಟ್ಟರೆ ಗಾಲಿಗೆ ಕಲ್ಲು ಕೊಡೋನು ಇಲ್ಲ.

ತೀರ್ಥಹಳ್ಳಿ ಈಚೆಗೆ ಒಂದು ಬಯಲು, ಎರಡು ಲೈಟು, ಒಂದು ಕಕ್ಕಸು, ಒಬ್ಬ ಕಾವಲಿನೋನು. ಅಷ್ಟು ಮಾಡಿ ಆಮೇಲೆ ರಾತ್ರಿ ಗೇಟು ಹಾಕ್ರಿ. ನಾವೇ ನಿಲ್ತೀವಿ.

ವರಾಹಿತೀರ:

ರಾತ್ರಿಗಾಡಿ ಅಣ್ಣ, ನೀವು ಹೇಳಿದ್ದು ಸರಿ. ನಿಲ್ಲಲು ಜಾಗ ಮಾಡಿ ಆಮೇಲೆ ಗೇಟು ಹಾಕಲಿ. ಆದರೆ ಜಾಗ ಆಗುವ ತನಕ ರಾತ್ರಿ ಲಾರಿ ಬಿಡಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಜಾಗ ಮಾಡಲು ಅವರಿಗೆ ಐದು ವರ್ಷ ಬೇಕಾದರೆ ಐದು ಮಳೆಗಾಲ ನಮ್ಮವರು ಹೆದರಿಕೊಂಡು ಇರಬೇಕಾ?

ಇನ್ನೊಂದು. ಕಲ್ಲಿನ ಮಾತು ಬಂತಲ್ಲ. ಕೆಟ್ಟ ಲಾರಿಯ ಸುತ್ತ ಇಟ್ಟ ಕಲ್ಲು, ಮರದ ಕೊಂಬೆ, ರಿಪೇರಿ ಆದ ಮೇಲೆ ಹಾಗೇ ರಸ್ತೆಯಲ್ಲಿ ಬಿಟ್ಟು ಹೋಗುತ್ತಾರೆ. ಮಂಜಿನಲ್ಲಿ ಬೈಕಿನವರಿಗೆ ಅದು ಕಾಣುವುದೇ ಇಲ್ಲ. ನಮ್ಮ ಊರಿನ ಹುಡುಗರು ಬಿದ್ದಿದ್ದಾರೆ. ಇದಕ್ಕೆ ಸರ್ಕಾರ ಬೇಡ, ಡ್ರೈವರ್‌ಗಳೇ ಸಾಕು.

ಹಳೇಚಾಲಕ_ಹರಿಹರ:

ಸತ್ಯ ತಂಗಿ. ಕಲ್ಲು ಎತ್ತಿ ಪಕ್ಕಕ್ಕೆ ಹಾಕದೆ ಗಾಡಿ ಎಬ್ಬಿಸಬಾರದು ಅಂತ ನಮ್ಮ ಕಾಲದಾಗೆ ಬೈದು ಕಲಿಸ್ತಿದ್ರು. ಸ್ಟ್ಯಾಂಡಿನಲ್ಲಿ ಹುಡುಗರಿಗೆ ನಾನೇ ಹೇಳ್ತೀನಿ.

ಕೋಟೆನಾಡು:

ನನ್ನ ಮಾತು ಬಿಟ್ಟು ಹೋಗಬಾರದು. ಲೋಡು ಆಗೋ ಜಾಗದಾಗೆ ತೂಕ. ಘಾಟಿ ಬುಡದಾಗೆ ಅಲ್ಲ.

ಪಿಬಿರಸ್ತೆ_ದಾವಣಗೆರೆ:

ಬರೆದ ಮನವಿ ಹಿಂಗೈತಿ, ನೋಡ್ರಿ. ಘಾಟಿ ಆದೇಶ ಆದ ದಿನವೇ ಅದರ ಪ್ರತಿ ನಮ್ಮ ಜಿಲ್ಲೆಗೆ ಬರಬೇಕು. ಎಪಿಎಂಸಿ, ಲಾರಿ ಸ್ಟ್ಯಾಂಡ್, ಬುಕಿಂಗ್ ಆಫೀಸಿನಲ್ಲಿ ಹಚ್ಚಬೇಕು. ಶಿವಮೊಗ್ಗ ಊರ ಹೊರಗೆ, ತೀರ್ಥಹಳ್ಳಿಯಲ್ಲಿ ದಾರಿ ಒಡೆಯೋ ಕಡೆ "ಮುಂದಿನ ಘಾಟಿ ತೆರೆದಿದೆ, ಮುಚ್ಚಿದೆ" ಅಂತ ಬದಲಾಯಿಸೋ ಫಲಕ ಬೇಕು. ಫಲಕದಲ್ಲಿ ಭಾರಿ ವಾಹನ ಅಂತ ಬರೆಯೋ ಬದಲು ಎಷ್ಟು ಉದ್ದ, ಎಷ್ಟು ಟನ್ ಅಂತ ಬರೀಬೇಕು, ಇಂಜಿನಿಯರ್ ಸಾಹೇಬರು ಹೇಳಿದಂಗೆ. ಒಂದು ಘಾಟಿ ಮುಚ್ಚಿದ ದಿನ ಬಾಳೆಬರೆಯಲ್ಲಿ ಕ್ರೇನು, ಆಂಬ್ಯುಲೆನ್ಸಿಗೆ ದಾರಿ ಬಿಡಿಸೋಕೆ ಎರಡೂ ತುದಿಯಲ್ಲಿ ಪೊಲೀಸರು. ಹುಲಿಕಲ್ಲಿನಲ್ಲಿ ಕಡ್ಡಾಯ ಬ್ರೇಕ್ ನಿಲುಗಡೆ. ತೀರ್ಥಹಳ್ಳಿ ಈಚೆ ಲಾರಿ ನಿಲ್ಲೋ ಬಯಲು. ಲೋಡಾಗೋ ಕಡೆ ತೂಕ. ಸಂತೆ ಮಂದಿಗೆ ಬೆಳಗಿನ ಜಾವದ ಬಸ್ಸು.

ರಾತ್ರಿ ನಿಷೇಧದ ವಿಷಯ ಮಾತ್ರ ಇಬ್ಬರದ್ದೂ ಬರೆದೀನಿ. ಬಯಲು ಆದ ಮೇಲೆ ಅಂತ ಡ್ರೈವರ್‌ಗಳು, ಈಗಲೇ ಅಂತ ಘಾಟಿ ಬುಡದವರು. ಒಂದು ಮಾಡೋಕೆ ನನ್ನ ಕೈಲಿ ಆಗಲಿಲ್ಲ, ಆಗದ್ದನ್ನ ಆಯ್ತು ಅಂತ ಬರೆಯಲ್ಲ.

ವಕೀಲೆ_ಚಿತ್ರದುರ್ಗ:

ಎರಡೂ ಅಭಿಪ್ರಾಯ ಹಾಗೇ ಇರಲಿ. ಬಸ್ಸಿನ ವಿಷಯ ಸಾರಿಗೆ ನಿಗಮಕ್ಕೆ ಬೇರೆ ಅರ್ಜಿಯಾಗಿ ಕೊಡಿ, ಇಲ್ಲದಿದ್ದರೆ ಈ ಕಡತದಲ್ಲಿ ಹುಗಿದುಹೋಗುತ್ತದೆ. ಕಲಮುಗಳನ್ನು ನಾನು ತಿದ್ದಿ ಕಳಿಸುತ್ತೇನೆ. ಚಿತ್ರದುರ್ಗದಲ್ಲೂ ಇದೇ ಪ್ರತಿ ಕೊಡೋಣ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಹೊನ್ನಾಳಿಹುಡುಗ:

ಸಹಿ ಎಲ್ಲಿ ಹಾಕೋದು ಅಣ್ಣ? ನಾಡಿದ್ದು ಲೋಡಿಗೆ ಹೊರಡ್ತೀನಿ, ಅಷ್ಟರಾಗೆ ಆದ್ರೆ ನಮ್ಮ ಆಫೀಸಿನ ಹುಡುಗರನ್ನೆಲ್ಲ ಕರ್ಕೊಂಡು ಬರ್ತೀನಿ.

ಪಿಬಿರಸ್ತೆ_ದಾವಣಗೆರೆ:

ನಾಳೆ ಸಂಜೆ ಎಪಿಎಂಸಿ ಗೇಟಿನ ಹತ್ರ ಇರ್ತೀನಿ, ಬಾ. ಗಾಡಿ ಯಾವುದು, ಎಲ್ಲಿಗೆ?

ಹೊನ್ನಾಳಿಹುಡುಗ:

ಹನ್ನೆರಡು ಚಕ್ರ, ಅಕ್ಕಿ, ಮಂಗಳೂರು.

ಪಿಬಿರಸ್ತೆ_ದಾವಣಗೆರೆ:

ಹಂಗಾದ್ರೆ ತೀರ್ಥಹಳ್ಳಿ ಕಡೆ ಹೋಗಲೇಬೇಡ. ಹೊಸದುರ್ಗ, ಅರಸೀಕೆರೆ, ಹಾಸನದ ಮೇಲೆ ಹೋಗು. ಸುತ್ತು ಆದ್ರೂ ದೊಡ್ಡ ಗಾಡಿಗೆ ಶಿರಾಡೀನೇ ವಾಸಿ. ಹಾಸನ ಮುಟ್ಟಿದ ಕೂಡಲೇ ಗಾಡಿ ನಿಲ್ಲಿಸಿ, ಸಕಲೇಶಪುರದಲ್ಲಿ ಬಿಡ್ತಾ ಇದಾರಾ ಅಂತ ಕೇಳ್ಕೊಂಡು ಮುಂದಕ್ಕೆ ಹೋಗು. ಹಗಲು ಹೊತ್ತೇ ಇಳಿ.